ರಕ್ತ ಹೆಪ್ಪುಗಟ್ಟುವಿಕೆಯ ಧ್ವನಿಸಂವೇದಕಗಳು

ರಕ್ತ ಹೆಪ್ಪುಗಟ್ಟುವಿಕೆಯ ಧ್ವನಿಸಂವೇದಕಗಳು : ಮೈಯಿಂದ ಹೊರತೆಗೆದ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ, ಹೆಪ್ಪು ಎಷ್ಟು ಗಟ್ಟಿಯಾಗುತ್ತದೆ, ಆಮೇಲೆ ಕರಗಿಹೋಗುತ್ತದೆಯೇ ಎಂಬುದನ್ನು ಕಂಪನದ ಮೂಲಕ ಅಳೆಯುವ ಸಾಧನಗಳು. ರಕ್ತಕ್ಕೆ ತಾಗಿದ ಹರಳನ್ನೋ ಕಡ್ಡಿಯನ್ನೋ ಬಟ್ಟಲನ್ನೋ ನಡುಗಿಸಿ, ಇಲ್ಲವೇ ರಕ್ತದೊಳಕ್ಕೇ ಶ್ರವಣಾತೀತ ಧ್ವನಿಯನ್ನು ಕಳಿಸಿ, ಆ ನಡುಕ ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆಂದು ನೋಡುವುದು ಇವೆಲ್ಲದರ ತತ್ತ್ವ. ಧ್ವನಿ ಎಂಬ ಮಾತನ್ನು ಇಲ್ಲಿ ಸ್ವಲ್ಪ ಸಡಿಲವಾಗಿ ಹಿಡಿಯಬೇಕು. ಸೆಕೆಂಡಿಗೆ ಇಪ್ಪತ್ತು ಸಲದ ಗುಂಯ್‌ಗುಡುವಿಕೆಯಿಂದ ಹಿಡಿದು ನೂರು ಕೋಟಿ ಸಲದ ಕಂಪನದವರೆಗೆ ಎಲ್ಲವೂ ಇದರಲ್ಲಿ ಸೇರುತ್ತದೆ. ಕಿವಿಗೆ ಕೇಳಬಲ್ಲದ್ದು ಅದರಲ್ಲೊಂದು ಚೂರು. ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಕಾಯುವ ಬದಲು ರೋಗಿಯ ಹಾಸಿಗೆಯ ಪಕ್ಕದಲ್ಲೇ, ಶಸ್ತ್ರಚಿಕಿತ್ಸೆಯ ಮೇಜಿನ ಮಗ್ಗುಲಲ್ಲೇ ಉತ್ತರ ಪಡೆಯುವುದು ಇವುಗಳ ಉದ್ದೇಶ.

ಈ ವಿದ್ಯೆಯ ಅರ್ಧ ಗುಟ್ಟನ್ನು ಕನ್ನಡದ ಮಾತೇ ಬಿಟ್ಟುಕೊಡುತ್ತದೆ. ಹೆಪ್ಪು ಎಂದರೆ ಹಾಲಿಗೆ ಹಾಕುವ ಮಜ್ಜಿಗೆಯ ಹನಿ. ರಾತ್ರಿ ಹೆಪ್ಪು ಹಾಕಿಟ್ಟದ್ದು ಮೊಸರಾಯಿತೇ ಎಂದು ಬೆಳಿಗ್ಗೆ ತಿಳಿಯಲು ಯಾರೂ ಅದರ ಹುಳಿಯನ್ನು ಅಳೆಯುವುದಿಲ್ಲ, ಪಾತ್ರೆಯನ್ನು ತುಸು ಓರೆ ಮಾಡುತ್ತಾರೆ. ಅಂಚಿಗೆ ಹರಿದುಬಂದರೆ ಇನ್ನೂ ಹಾಲು. ಇಡಿಯಾಗಿ ಅಲುಗಿ ನಿಂತರೆ ಮೊಸರು. 1913ರಲ್ಲಿ ಅಮೆರಿಕದ ವೈದ್ಯರಾದ ರೋಜರ್ ಲೀ ಮತ್ತು ಪಾಲ್ ಡಡ್ಲಿ ವೈಟ್ ರಕ್ತಕ್ಕೆ ಮಾಡಿದ್ದೂ ಇದನ್ನೇ. ಗಾಜಿನ ನಳಿಗೆಯಲ್ಲಿ ರಕ್ತ ಹಿಡಿದು, ಆಗಾಗ ಓರೆ ಮಾಡಿ, ಹರಿಯುವುದು ನಿಂತ ಗಳಿಗೆಯನ್ನು ಬರೆದುಕೊಂಡರು. ಧ್ವನಿಸಂವೇದಕವೂ ಪಾತ್ರೆಯನ್ನು ಓರೆ ಮಾಡುವ ಕೈಯೇ. ಆ ಕೆಲಸವನ್ನು ಅದು ಸೆಕೆಂಡಿಗೆ ನೂರಾರು ಅಥವಾ ಲಕ್ಷಾಂತರ ಸಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮಾಡುತ್ತದೆ. ಆದರೆ ಆ ಕೈ ರಕ್ತದ ಎಷ್ಟು ಆಳವನ್ನು ಅಲುಗಿಸುತ್ತಿದೆ ಎಂಬುದರ ಮೇಲೆ ಉತ್ತರ ಬೇರೆಯಾಗುತ್ತದೆ. ಒಂದೇ ರಕ್ತ ಒಂದು ಉಪಕರಣದಲ್ಲಿ ಬೇಗ ಹೆಪ್ಪುಗಟ್ಟಿ ಇನ್ನೊಂದರಲ್ಲಿ ತಡವಾಗಿ ಹೆಪ್ಪುಗಟ್ಟಿದಂತೆ ತೋರಬಹುದು, ಎರಡೂ ಸುಳ್ಳು ಹೇಳುತ್ತಿರಬೇಕಾಗಿಲ್ಲ. ಈ ಕ್ಷೇತ್ರದ ಹೆಚ್ಚಿನ ತಕರಾರುಗಳು ಹುಟ್ಟುವುದು ಇಲ್ಲಿಂದ.

ಅಳೆಯಬೇಕಾದದ್ದು

ಆರೋಗ್ಯವಂತರ ಒಂದು ಲೀಟರ್ ರಕ್ತರಸದಲ್ಲಿ 2ರಿಂದ 4 ಗ್ರಾಂ ಫೈಬ್ರಿನೋಜೆನ್ ಎಂಬ ಪ್ರೋಟೀನು ಕರಗಿರುತ್ತದೆ. ಗಾಯವಾದಾಗ ಒಂದರ ಹಿಂದೊಂದು ಚುರುಕಾಗುವ ಹತ್ತು ಹನ್ನೆರಡು ಅಂಶಗಳ ಸರಪಳಿಯ ಕೊನೆಯಲ್ಲಿ ಥ್ರಾಂಬಿನ್ ಹುಟ್ಟಿ, ಈ ಫೈಬ್ರಿನೋಜೆನ್ನನ್ನು ಕತ್ತರಿಸಿ ಫೈಬ್ರಿನ್ ಎಳೆಗಳನ್ನಾಗಿ ಮಾಡುತ್ತದೆ. ಎಳೆಗಳು ಬಲೆಯಾಗುತ್ತವೆ, ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಆ ಬಲೆಯನ್ನು ಹಿಡಿದೆಳೆದು ಬಿಗಿ ಮಾಡುತ್ತವೆ, ಹದಿಮೂರನೆಯ ಅಂಶ ಎಳೆಗಳಿಗೆ ಅಡ್ಡಹೊಲಿಗೆ ಹಾಕುತ್ತದೆ. ಕಂಪನದ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ಬದಲಾವಣೆಗಳಿವೆ. ಮೊದಲು ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ಅಡ್ಡಿ, ಏರುತ್ತದೆ. ಆಮೇಲೆ, ಮೊದಲು ಇರದೇ ಇದ್ದ ಸ್ಥಿತಿಸ್ಥಾಪಕತ್ವ ಹುಟ್ಟುತ್ತದೆ. ಅದುಮಿದರೆ ಮತ್ತೆ ಪುಟಿದೇಳುವ ಗುಣ ಅದು.

ಪ್ರಯೋಗಾಲಯದ ಹಳೆಯ ಪರೀಕ್ಷೆಗಳು ಈ ಕಥೆಯ ಮೊದಲ ಪುಟವನ್ನಷ್ಟೇ ಓದುತ್ತವೆ. 1935ರಲ್ಲಿ ಆರ್ಮಂಡ್ ಕ್ವಿಕ್ ರೂಪಿಸಿದ ಪ್ರೋಥ್ರಾಂಬಿನ್ ಸಮಯ, ಆಸ್ಪತ್ರೆಯ ಭಾಷೆಯಲ್ಲಿ ಪಿಟಿ, ರಕ್ತಕಣಗಳನ್ನೆಲ್ಲ ತೆಗೆದ ರಕ್ತರಸದ ಮೇಲೆ ನಡೆಯುತ್ತದೆ. ಫೈಬ್ರಿನ್ನಿನ ಮೊದಲ ಎಳೆ ಮೂಡುತ್ತಲೇ ಮುಗಿಯುತ್ತದೆ. ಬೇರೆ ಬೇರೆ ಪ್ರಯೋಗಾಲಯಗಳ ಪಿಟಿಯನ್ನು ಒಂದೇ ಅಳತೆಗೆ ತರಲು 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಅನುಪಾತವೇ ಐಎನ್‌ಆರ್. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಅಥವಾ ಅಸಿನೋಕೌಮರಾಲ್ ಮಾತ್ರೆ ನುಂಗುವವರಿಗೆ ಇದು ಬದುಕಿನ ಅಂಕಿ. ಹೆಚ್ಚಿನವರಲ್ಲಿ ಅದು 2 ಮತ್ತು 3ರ ನಡುವೆ ಇರಬೇಕು. ಆದರೆ ತೆರೆದ ಎದೆಯ ಶಸ್ತ್ರಚಿಕಿತ್ಸೆ ಮುಗಿದು ರೋಗಿಯನ್ನು ಹೃದಯ-ಶ್ವಾಸಕೋಶ ಯಂತ್ರದಿಂದ ಬಿಡಿಸಿದ ಮೇಲೂ ರಕ್ತ ಒಸರುತ್ತಿದ್ದರೆ ವೈದ್ಯರ ಪ್ರಶ್ನೆಯೇ ಬೇರೆ. ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಹೆಪರಿನ್ ಇನ್ನೂ ಉಳಿದಿದೆಯೇ? ಫೈಬ್ರಿನೋಜೆನ್ ಕಡಿಮೆಯಾಗಿದೆಯೇ? ಕಿರುತಟ್ಟೆಗಳು ಕೆಲಸ ಮಾಡುತ್ತಿಲ್ಲವೇ? ಒಂದೊಂದಕ್ಕೂ ಕೊಡಬೇಕಾದ ಮದ್ದು ಬೇರೆ. ಪಿಟಿ ಇದನ್ನು ಬಿಡಿಸಿ ಹೇಳದು. ಹೇಳುವಷ್ಟನ್ನೂ ಮಾದರಿಯನ್ನು ಕಡೆದು ಕಣ ಬೇರ್ಪಡಿಸಿ, ಮುಕ್ಕಾಲು ಗಂಟೆ ಕಳೆದ ಮೇಲೆ ಹೇಳುತ್ತದೆ. ಅಷ್ಟರಲ್ಲಿ ರೋಗಿಯ ರಕ್ತವೇ ಬದಲಾಗಿರುತ್ತದೆ.

ಬಟ್ಟಲು, ಕಡ್ಡಿ, ಗುಂಯ್‌ಗುಡುವಿಕೆ

ಇಡೀ ರಕ್ತದ ಗಟ್ಟಿತನವನ್ನು ಆರಂಭದಿಂದ ಕೊನೆಯವರೆಗೆ ಗೆರೆಯಾಗಿ ಬರೆಸಿದ ಮೊದಲಿಗ ಜರ್ಮನಿಯ ಹೆಲ್ಮುಟ್ ಹಾರ್ಟರ್ಟ್. ಹೈಡೆಲ್‌ಬರ್ಗ್‌ನಲ್ಲಿದ್ದ ಅವರು 1948ರಲ್ಲಿ ಪ್ರಕಟಿಸಿದ ಥ್ರಾಂಬೋಎಲಾಸ್ಟೋಗ್ರಾಫ್‌ನಲ್ಲಿ ರಕ್ತ ತುಂಬಿದ ಪುಟ್ಟ ಬಟ್ಟಲು 4 ಡಿಗ್ರಿ 45 ಮಿನಿಟುಗಳ ಕೋನದಲ್ಲಿ, ಹತ್ತು ಸೆಕೆಂಡಿಗೊಂದು ತೂಗಾಟದಂತೆ, ಅತ್ತಿಂದಿತ್ತ ಹೊರಳುತ್ತದೆ. ತಂತಿಯೊಂದರಿಂದ ಇಳಿಬಿಟ್ಟ ಕಡ್ಡಿ ರಕ್ತದಲ್ಲಿ ಮುಳುಗಿರುತ್ತದೆ. ರಕ್ತ ನೀರಾಗಿರುವಾಗ ಬಟ್ಟಲು ಹೊರಳಿದರೂ ಕಡ್ಡಿ ಸುಮ್ಮನಿರುತ್ತದೆ. ಎಳೆಗಳು ಮೂಡಿ ಬಟ್ಟಲಿಗೂ ಕಡ್ಡಿಗೂ ಗಂಟು ಬಿದ್ದಂತೆಲ್ಲ ಕಡ್ಡಿಯೂ ಜೊತೆಗೆ ಹೊರಳತೊಡಗುತ್ತದೆ. ಆ ಹೊರಳು ಕಾಗದದ ಮೇಲೆ ಬರೆಯುವ ಚಿತ್ರ ಮೀನಿನ ಹಾಗೆ ಒಂದು ತುದಿಯಲ್ಲಿ ಚೂಪಾಗಿ ಆರಂಭವಾಗಿ ಅಗಲವಾಗುತ್ತ ಹೋಗುತ್ತದೆ. ಗೆರೆ ಕವಲೊಡೆಯುವವರೆಗಿನ ಕಾಲ ಹೆಪ್ಪು ಶುರುವಾಗುವ ಸಮಯ. ಅತಿ ಹೆಚ್ಚಿನ ಅಗಲ ಹೆಪ್ಪಿನ ಬಲ. ಆಮೇಲೆ ಗೆರೆ ಮತ್ತೆ ಕಿರಿದಾದರೆ ಹೆಪ್ಪು ಕರಗುತ್ತಿದೆ ಎಂದರ್ಥ. ಇದು ಧ್ವನಿಸಂವೇದಕವಲ್ಲ, ಕಂಪನ ಬಹಳ ನಿಧಾನ. ಆದರೂ ಇಂದಿನ ಹಲವು ಧ್ವನಿಸಂವೇದಕಗಳು ತಮ್ಮ ಉತ್ತರವನ್ನು ಹಾರ್ಟರ್ಟ್‌ನ ಮೀನಿನ ಜೊತೆಗೇ ಹೋಲಿಸಿಕೊಳ್ಳುತ್ತವೆ. 1985ರಲ್ಲಿ ಪಿಟ್ಸ್‌ಬರ್ಗ್‌ನ ವೈದ್ಯರು ಯಕೃತ್ತಿನ ಕಸಿಯ ವೇಳೆ ಇದನ್ನು ಬಳಸಿ ರಕ್ತ ಕೊಡುವುದನ್ನು ನಿರ್ಧರಿಸಿದ ಮೇಲೆ ಇದು ಶಸ್ತ್ರಚಿಕಿತ್ಸಾ ಕೊಠಡಿಯ ಸಾಧನವಾಯಿತು. ಒಂದು ತೊಡಕು ಮಾತ್ರ ಬಹುಕಾಲ ಉಳಿಯಿತು. ಕಡ್ಡಿ ಎಷ್ಟು ಸೂಕ್ಷ್ಮವೆಂದರೆ ಮೇಜಿಗೆ ಯಾರಾದರೂ ಮೊಣಕೈ ತಾಗಿಸಿದರೂ ಗೆರೆ ಹೊಯ್ದಾಡುತ್ತಿತ್ತು. ಹಾಸಿಗೆಯ ಪಕ್ಕದ ಯಂತ್ರವನ್ನು ಹಾಸಿಗೆಯಿಂದ ದೂರ, ಅಲುಗದ ಕಲ್ಲಿನ ಮೇಜಿನ ಮೇಲೆ ಇಡಬೇಕಾಗುತ್ತಿತ್ತು.

ಶಬ್ದದ ಸೀಮೆಗೆ ಕಾಲಿಟ್ಟ ಮೊದಲ ಉಪಕರಣ ಸೋನೋಕ್ಲಾಟ್. ಅಮೆರಿಕದ ಕೊಲೊರಾಡೊದಲ್ಲಿದ್ದ ಕುರ್ಟ್ ಫಾನ್ ಕೌಲ್ಲಾ ಮತ್ತು ಸಂಗಡಿಗರು 1975ರಲ್ಲಿ ಅದನ್ನು ವಿವರಿಸಿದ ಲೇಖನದ ಶೀರ್ಷಿಕೆಯಲ್ಲೇ ಅದು ಹಾಸಿಗೆಯ ಪಕ್ಕದ ಉಪಕರಣ ಎಂಬ ಮಾತಿತ್ತು. ಇದರಲ್ಲಿ ಬಟ್ಟಲು ಹೊರಳುವುದಿಲ್ಲ. ಟೊಳ್ಳು ಕಡ್ಡಿಯೊಂದು ರಕ್ತದಲ್ಲಿ ಸೆಕೆಂಡಿಗೆ ಸುಮಾರು 200 ಸಲ, ಒಂದು ಮೈಕ್ರೋಮೀಟರಿನಷ್ಟು ಮೇಲೆ ಕೆಳಗೆ ನಡುಗುತ್ತದೆ. ನಡುಕಕ್ಕೆ ರಕ್ತ ಒಡ್ಡುವ ತಡೆ ಹೆಚ್ಚಿದಂತೆ ಗೆರೆ ಏರುತ್ತದೆ. ಆ ಗೆರೆಯಲ್ಲೊಂದು ಸ್ವಾರಸ್ಯವಿದೆ: ಏರಿದ ಗೆರೆ ಒಂದು ಹಂತದಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಕಿರುತಟ್ಟೆಗಳು ಹೆಪ್ಪನ್ನು ಸೆಳೆದು ಕುಗ್ಗಿಸಿ, ಕಡ್ಡಿಯ ಮೈಯಿಂದ ಬಿಡಿಸುವುದೇ ಇದಕ್ಕೆ ಕಾರಣ. ಗಟ್ಟಿ ಮೊಸರು ಹೊತ್ತು ಹೋದಂತೆ ನೀರು ಬಿಟ್ಟುಕೊಂಡು ಪಾತ್ರೆಯ ಅಂಚಿನಿಂದ ಬಿಡುವ ಹಾಗೆ. ಇಳಿತ ಬೇಗ ಬಂದರೆ ಕಿರುತಟ್ಟೆಗಳು ಚುರುಕಾಗಿವೆ. ಬಾರದೇ ಹೋದರೆ ಅವು ಸೋತಿವೆ.

ಹರಳಿನ ಕಿವಿ

ಸಂಶೋಧನೆಯ ದೊಡ್ಡ ಪಾಲು ನಡೆದಿರುವುದು ಕ್ವಾರ್ಟ್ಜ್ ಹರಳಿನ ಸುತ್ತ. 1880ರಲ್ಲಿ ಜಾಕ್ ಮತ್ತು ಪಿಯೇರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆಂದು ತೋರಿಸಿದರು. ಇದು ತಿರುಗುಮುರುಗೂ ನಿಜ: ವಿದ್ಯುತ್ ಕೊಟ್ಟರೆ ಹರಳು ಮಿಸುಕುತ್ತದೆ. ಕೈಗಡಿಯಾರದೊಳಗಿನ ಕ್ವಾರ್ಟ್ಜ್ ಕವಲು ಸೆಕೆಂಡಿಗೆ 32,768 ಸಲ ನಡುಗಿ ಕಾಲ ಹೇಳುವುದು ಇದರಿಂದಲೇ. ರಕ್ತಪರೀಕ್ಷೆಗೆ ಬಳಸುವ ಹರಳು ನಾಣ್ಯದಾಕಾರದ ತೆಳು ಬಿಲ್ಲೆ. ಎರಡೂ ಮುಖಕ್ಕೆ ಚಿನ್ನದ ಲೇಪ. ಅದು ಉಬ್ಬಿ ಕುಗ್ಗುವುದಿಲ್ಲ. ಅಂಗೈಗಳನ್ನು ಒಂದರ ಮೇಲೊಂದಿಟ್ಟು ಉಜ್ಜುವಂತೆ ಮೇಲ್ಮೈ ಕೆಳಮೈಗಳು ಎದುರುಬದಿರು ಜಾರುತ್ತವೆ, ಸಾಮಾನ್ಯವಾಗಿ ಸೆಕೆಂಡಿಗೆ 50 ಲಕ್ಷ ಸಲ, ಅಂದರೆ 5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ.

ಕಛೇರಿಗೆ ಕೂರುವ ಮೊದಲು ಮೃದಂಗದ ಎಡಮುಖಕ್ಕೆ ನೀರಿನಲ್ಲಿ ಕಲಸಿದ ರವೆಯ ಮುದ್ದೆಯನ್ನು ಮೆತ್ತುವುದನ್ನು ನೋಡಿದವರಿಗೆ ಮುಂದಿನದು ತಾನೇ ಅರ್ಥವಾಗುತ್ತದೆ. ಮುದ್ದೆಯ ತೂಕ ಕೂಡಿದಂತೆ ನಾದ ಇಳಿಯುತ್ತದೆ. 1959ರಲ್ಲಿ ಬರ್ಲಿನ್ನಿನ ಗುಂಟರ್ ಸೌರ್‌ಬ್ರೈ ಇದನ್ನೇ ಹರಳಿಗೆ ಅನ್ವಯಿಸಿ ಸೂತ್ರ ಕೊಟ್ಟರು: ಹರಳಿನ ಮೇಲೆ ಅಂಟಿದ ಪದರದ ತೂಕಕ್ಕೆ ತಕ್ಕಷ್ಟು ಕಂಪನಾಂಕ ಇಳಿಯುತ್ತದೆ. 5 ಮೆಗಾಹರ್ಟ್ಸ್ ಹರಳಿನಲ್ಲಿ ಒಂದೇ ಒಂದು ಹರ್ಟ್ಸ್ ಇಳಿದರೆ, ಚದರ ಸೆಂಟಿಮೀಟರಿಗೆ 17.7 ನ್ಯಾನೋಗ್ರಾಂ ತೂಕ ಕೂಡಿದೆಯೆಂದು ಲೆಕ್ಕ. ಆದರೆ ರವೆ ಮುದ್ದೆ ಒಣಗಿ ಬಿಗಿಯಾಗಿ ಕುಳಿತಂತೆ ಪದರ ಗಟ್ಟಿಯಾಗಿರಬೇಕೆಂಬುದು ಸೂತ್ರದ ಷರತ್ತು. ದ್ರವದಲ್ಲಿ ಹರಳು ನಡುಗುವುದೇ ಇಲ್ಲವೆಂದು ಬಹುಮಂದಿ ನಂಬಿದ್ದರು. 1980ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನಲ್ಲಿ ನೊಮುರಾ ಮುಂತಾದವರು ದ್ರವದಲ್ಲೂ ಅದನ್ನು ನಡುಗಿಸಿ ತೋರಿಸಿದರು; 1985ರಲ್ಲಿ ಕನಜಾವಾ ಮತ್ತು ಗಾರ್ಡನ್, ಕಂಪನಾಂಕದ ಇಳಿತ ದ್ರವದ ಸಾಂದ್ರತೆ ಮತ್ತು ಸ್ನಿಗ್ಧತೆಗಳ ಗುಣಲಬ್ಧದ ವರ್ಗಮೂಲಕ್ಕೆ ಅನುಗುಣವೆಂದು ತೋರಿಸಿದರು. ಗಾಳಿಯಲ್ಲಿದ್ದ ಹರಳಿನ ಒಂದು ಮುಖಕ್ಕೆ ನೀರು ತಾಗಿಸಿದರೆ ಸುಮಾರು 700 ಹರ್ಟ್ಸ್ ಇಳಿಯುತ್ತದೆ.

ಇನ್ನೊಂದು ಹೆಜ್ಜೆ ಇಟ್ಟವರು ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು. 1990ರ ದಶಕದಲ್ಲಿ ಮೈಕೆಲ್ ರೋಡಾಲ್, ಬೆಂಗ್ಟ್ ಕಸೆಮೊ ಮೊದಲಾದವರು ಹರಳಿಗೆ ಕೊಡುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿ, ನಡುಕ ಎಷ್ಟು ಬೇಗ ಸಾಯುತ್ತದೆಂದು ಅಳೆದರು. ಗಂಟೆ ಬಾರಿಸಿ ನಾದ ಎಷ್ಟು ಹೊತ್ತು ಉಳಿಯುತ್ತದೆಂದು ಕೇಳುವ ಉಪಾಯವಿದು. ಗಂಟೆಗೆ ಒಣ ಬಟ್ಟೆ ಸುತ್ತಿದರೆ ಒಂದು ಬಗೆ, ಒದ್ದೆ ಬಟ್ಟೆ ಸುತ್ತಿದರೆ ಇನ್ನೊಂದು ಬಗೆ. ಕಂಪನಾಂಕದ ಇಳಿತ ಎಷ್ಟು ಅಂಟಿದೆ ಎಂದು ಹೇಳಿದರೆ, ನಾದದ ಸಾವು ಅಂಟಿದ್ದು ಎಷ್ಟು ಮೆತ್ತಗಿದೆ ಎಂದು ಹೇಳುತ್ತದೆ. ಹೆಪ್ಪಿನಂತಹ ಮೆತ್ತನೆಯ ವಸ್ತುವಿಗೆ ಈ ಎರಡನೆಯ ಅಂಕಿ ಇಲ್ಲದೆ ಗತಿಯಿಲ್ಲ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ತಂಡವೊಂದು ಇಂಥ ಹರಳಿನ ಮೇಲೆ ಇಡೀ ರಕ್ತವನ್ನೇ ಹಾಕಿ ಪ್ರೋಥ್ರಾಂಬಿನ್ ಸಮಯ ಅಳೆದು 2010ರಲ್ಲಿ ಪ್ರಕಟಿಸಿತು. ಕಡೆಯುವ ಯಂತ್ರ ಬೇಡ, ಬೆಳಕು ಬೇಡ, ಚಲಿಸುವ ಭಾಗವೂ ಇಲ್ಲ. ಹರಳನ್ನು ನಡುಗಿಸುವ ವಿದ್ಯುನ್ಮಂಡಲ ಅಂಗೈಯಲ್ಲಿ ಹಿಡಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಹಾಸಿಗೆಬದಿಯ ಸಾಧನ ಬೇರಿಲ್ಲ.

ತೊಡಕು ಇರುವುದು ಆಳದಲ್ಲಿ. ಜಾರುವ ಹರಳು ತನ್ನ ಪಕ್ಕದ ದ್ರವವನ್ನು ಎಳೆದೊಯ್ಯುತ್ತದೆ, ಆ ಪದರ ಮುಂದಿನದನ್ನು. ಆದರೆ ಎಳೆತ ಬೇಗ ಸತ್ತುಹೋಗುತ್ತದೆ. 5 ಮೆಗಾಹರ್ಟ್ಸ್‌ನಲ್ಲಿ ನೀರಿನೊಳಗೆ ಅದು ಹೋಗುವ ದೂರ ಸುಮಾರು 250 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣದ ಅಗಲ ಇದರ ಮೂವತ್ತು ಪಟ್ಟು. ಹರಳಿನ ಮೇಲೆ ಬಿಟ್ಟ ರಕ್ತದ ಹನಿ ಒಂದು ಕೆರೆಯಾದರೆ ಹರಳು ಕೇಳುವುದು ಅದರ ತಳದ ಕೆಸರನ್ನು ಮಾತ್ರ. ಕಂಪನಾಂಕ ಏರಿಸಿದಷ್ಟೂ ಈ ಆಳ ಇನ್ನೂ ಕುಗ್ಗುತ್ತದೆ, ಕಂಪನಾಂಕದ ವರ್ಗಮೂಲಕ್ಕೆ ವಿಲೋಮವಾಗಿ. ಸೋನೋಕ್ಲಾಟ್‌ನ 200 ಹರ್ಟ್ಸ್‌ನಲ್ಲಿ ಅದು ನೀರಿನಲ್ಲಿ 40 ಮೈಕ್ರೋಮೀಟರ್. ನೂರು ಕೋಟಿ ಹರ್ಟ್ಸ್‌ನಲ್ಲಿ ಬರಿಯ 18 ನ್ಯಾನೋಮೀಟರ್. ಒಂದು ಫೈಬ್ರಿನ್ ಎಳೆಯ ದಪ್ಪವೇ ಸುಮಾರು 100 ನ್ಯಾನೋಮೀಟರ್ ಇರುತ್ತದೆಂದ ಮೇಲೆ, ಅಂಥ ಸಂವೇದಕ ಒಂದು ಎಳೆಯನ್ನೂ ಪೂರ್ತಿ ಮುಟ್ಟಲಾರದು.

ಹಾಗಾಗಿ ಹರಳು ಹೇಳುವ ಹೆಪ್ಪುಗಟ್ಟುವ ಸಮಯವೆಂದರೆ ತನ್ನ ಚಿನ್ನದ ಮೈಗೆ ಮೊದಲ ಎಳೆಗಳು ಅಂಟಿದ ಸಮಯ. ಆ ಮೈಗೆ ಯಾವ ಲೇಪ ಬಳಿದಿದೆ, ರಕ್ತರಸದ ಪ್ರೋಟೀನುಗಳು ಅಲ್ಲಿ ಮೊದಲೇ ಹೋಗಿ ಕುಳಿತಿವೆಯೇ, ಕೆಂಪು ಕಣಗಳು ತೂಕಕ್ಕೆ ಕೆಳಗಿಳಿದು ತಳದಲ್ಲಿ ರಾಶಿ ಬಿದ್ದಿವೆಯೇ ಎಂಬುದೆಲ್ಲ ಉತ್ತರದೊಳಕ್ಕೆ ನುಸುಳುತ್ತದೆ. ಹೆಪ್ಪು ಶುರುವಾದದ್ದನ್ನು ಹರಳು ಚೆನ್ನಾಗಿ ಹೇಳುತ್ತದೆ. ಹೆಪ್ಪು ಎಷ್ಟು ಬಲವಾಯಿತೆಂಬ ವಿಷಯದಲ್ಲಿ ಅದರ ಮಾತನ್ನು ಎಚ್ಚರದಿಂದ ಕೇಳಬೇಕು. ಮೂವತ್ತು ವರ್ಷಗಳ ಅಚ್ಚುಕಟ್ಟಾದ ಭೌತಶಾಸ್ತ್ರ ಕೈಯಲ್ಲಿದ್ದೂ ಹರಳಿನ ಸಾಧನ ವಾರ್ಡುಗಳಿಗೆ ಇಳಿಯದೇ ಇರಲು ಇದು ಮುಖ್ಯ ಕಾರಣವೆಂದು ತೋರುತ್ತದೆ.

ಇದೇ ಕುಲದ ಬೇರೆ ಸಾಧನಗಳಿಗೂ ಇದೇ ಮಾತು ಸಲ್ಲುತ್ತದೆ. ಕೆಲವು ಸಾಧನಗಳು ಘನವಸ್ತುವಿನ ಮೇಲ್ಮೈಯಲ್ಲಷ್ಟೇ ಓಡುವ ಅಲೆಗಳನ್ನು ಬಳಸುತ್ತವೆ. ಅಂಥ ಅಲೆಗಳನ್ನು 1885ರಲ್ಲಿ ಲಾರ್ಡ್ ರೇಲಿ ವಿವರಿಸಿದ್ದರು. 1911ರಲ್ಲಿ ಲವ್ ಎಂಬ ಗಣಿತಜ್ಞ ಭೂಕಂಪದ ವಿವೇಚನೆಯಲ್ಲಿ ಅಡ್ಡಡ್ಡ ಜಾರುವ ಇನ್ನೊಂದು ಬಗೆಯನ್ನು ಕಂಡುಹಿಡಿದರು. ರೇಲಿ ಅಲೆ ದ್ರವ ತಾಗಿದೊಡನೆ ತನ್ನ ಶಕ್ತಿಯನ್ನೆಲ್ಲ ಅದಕ್ಕೆ ಸುರಿದು ಸೋಲುತ್ತದೆ. ಲವ್ ಅಲೆ ಅಡ್ಡ ಜಾರುವುದರಿಂದ ರಕ್ತದ ಕೆಳಗೂ ಬದುಕುತ್ತದೆ, ಆದ್ದರಿಂದ ರಕ್ತಕ್ಕೆ ಅದೇ ಬೇಕು. ತೆಳುಪೊರೆಯ ಅನುರಣಕಗಳು ಇನ್ನೂ ಚಿಕ್ಕವು. ಮೊಬೈಲ್ ಫೋನಿನ ರೇಡಿಯೋ ಶೋಧಕಗಳಲ್ಲಿ ಇರುವ ಜಾತಿಯವು. ಸಿಲಿಕಾನ್ ಬಿಲ್ಲೆಯ ಮೇಲೆ ಸಾವಿರಗಟ್ಟಲೆ ಅಚ್ಚು ಹಾಕಬಹುದು. ಇಸ್ತಾಂಬುಲ್‌ನ ಕೊಚ್ ವಿಶ್ವವಿದ್ಯಾಲಯದಲ್ಲಿ ನಿಕ್ಕಲ್ಲಿನ ಕಿರುಕಡ್ಡಿಗಳನ್ನು ಕಾಂತದಿಂದ ನಡುಗಿಸಿ, ಬೆಳಕಿನಿಂದ ಓದಿ, ಹೆಪ್ಪುಗಟ್ಟುವ ಸಮಯ ಅಳೆದಿದ್ದಾರೆ. ಕಂಪನಾಂಕ ಕಡಿಮೆಯಾದ್ದರಿಂದ ಅವು ರಕ್ತದೊಳಕ್ಕೆ ಹೆಚ್ಚು ಆಳ ಕೈಚಾಚುತ್ತವೆ.

ಒಳಕ್ಕೆ ಹೋಗುವ ಧ್ವನಿ

ತಳದ ಕೆಸರಲ್ಲ, ಕೆರೆಯೇ ಬೇಕೆಂದವರು ಶ್ರವಣಾತೀತ ಧ್ವನಿಯನ್ನು ಹಿಡಿದರು. ವರ್ಜೀನಿಯಾ ವಿಶ್ವವಿದ್ಯಾಲಯದ ವಿಲಿಯಂ ವಾಕರ್, ಫ್ರಾನ್ಸೆಸ್ಕೊ ವಿಯೋಲಾ ಮತ್ತು ಜೊತೆಗಾರರು ಕಟ್ಟಿದ ವಿಧಾನದಲ್ಲಿ ಧ್ವನಿಗೆ ಎರಡು ಕೆಲಸ. ಬಿರುಸಾದ ಒಂದು ಸ್ಪಂದ ರಕ್ತವನ್ನು ಒಳಗಿನಿಂದಲೇ ನೂಕುತ್ತದೆ. ಹಿಂದೆಯೇ ಹೊರಡುವ ಮೆಲುದನಿಯ ಸ್ಪಂದಗಳು ಪ್ರತಿಧ್ವನಿಯಿಂದ ರಕ್ತ ಎಷ್ಟು ಸರಿಯಿತು, ಹೇಗೆ ಅದುರಿತು ಎಂದು ನೋಡುತ್ತವೆ. ರಕ್ತ ನೀರಾಗಿದ್ದರೆ ನೂಕಿದತ್ತ ಹೋಗಿ ಅಲ್ಲೇ ಉಳಿಯುತ್ತದೆ. ಹೆಪ್ಪಾಗಿದ್ದರೆ ಬಟ್ಟಲಿನ ಮೊಸರಿನಂತೆ ತೊನೆದು ವಾಪಸು ಬರುತ್ತದೆ, ಗಟ್ಟಿಯಾದಷ್ಟೂ ಆ ತೊನೆತದ ಕಂಪನಾಂಕ ಏರುತ್ತದೆ. ಷಾರ್ಲಟ್ಸ್‌ವಿಲ್‌ನ ಹೀಮೋಸಾನಿಕ್ಸ್ ಸಂಸ್ಥೆ ಇದನ್ನು ಕ್ವಾಂಟ್ರಾ ಎಂಬ ಪೆಟ್ಟಿಗೆಯಾಗಿಸಿತು. 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ಸಿಕ್ಕಿತು.

ಅದರ ಕಾರ್ಟ್ರಿಜ್‌ನ ಒಳಗನ್ನು ಹತ್ತಿರದಿಂದ ನೋಡಬೇಕು, ಜಾಣತನವೆಲ್ಲ ಅಲ್ಲಿದೆ. ರಕ್ತದ ನಳಿಗೆಯನ್ನು ಮುಚ್ಚಳ ತೆಗೆಯದೆ ನೇರವಾಗಿ ಚುಚ್ಚಿದರೆ ರಕ್ತ ನಾಲ್ಕು ಕಾಲುವೆಗಳಾಗಿ ಒಡೆಯುತ್ತದೆ. ಮೊದಲನೆಯದರಲ್ಲಿ ಕಯೋಲಿನ್ ಜೇಡಿ ಹೆಪ್ಪುಗಟ್ಟುವಿಕೆಯನ್ನು ಕೆಣಕುತ್ತದೆ. ಎರಡನೆಯದರಲ್ಲಿ ಕಯೋಲಿನ್ ಜೊತೆ ಹೆಪರಿನ್ನನ್ನು ನುಂಗಿಹಾಕುವ ಕಿಣ್ವ; ಒಂದು ಮತ್ತು ಎರಡರ ಸಮಯದಲ್ಲಿ ವ್ಯತ್ಯಾಸ ಕಂಡರೆ ಹೆಪರಿನ್ ಉಳಿದಿದೆ. ಮೂರನೆಯದರಲ್ಲಿ ಥ್ರಾಂಬೋಪ್ಲಾಸ್ಟಿನ್ ಹೆಪ್ಪನ್ನು ಪೂರ್ತಿ ಗಟ್ಟಿ ಮಾಡುತ್ತದೆ. ನಾಲ್ಕನೆಯದರಲ್ಲಿ ಅದರ ಜೊತೆ ಕಿರುತಟ್ಟೆಗಳ ಕೈ ಕಟ್ಟಿಹಾಕುವ ಮದ್ದೂ ಇದೆ. ಹಾಗಾಗಿ ನಾಲ್ಕರ ಗಟ್ಟಿತನವೆಲ್ಲ ಫೈಬ್ರಿನೋಜೆನ್ನಿನದು. ಮೂರರಿಂದ ಅದನ್ನು ಕಳೆದರೆ ಉಳಿಯುವುದು ಕಿರುತಟ್ಟೆಗಳ ಪಾಲು. ಒಸರುವ ಗಾಯದ ಮುಂದೆ ನಿಂತ ವೈದ್ಯರ ಮೂರು ಪ್ರಶ್ನೆಗಳಿಗೂ ಸುಮಾರು ಕಾಲು ಗಂಟೆಯಲ್ಲಿ ಉತ್ತರ.

ಹಾರ್ಟರ್ಟ್ ಯಂತ್ರದ ವಂಶಜವಾದ ಟೆಗ್ 6ಎಸ್ ಕೂಡ ಬಟ್ಟಲು-ಕಡ್ಡಿಗಳನ್ನು ಕೈಬಿಟ್ಟಿದೆ. ಅದರಲ್ಲಿ ರಕ್ತದ ಹನಿಯನ್ನು 20ರಿಂದ 500 ಹರ್ಟ್ಸ್‌ವರೆಗಿನ ನಡುಕಕ್ಕೆ ಒಡ್ಡಿ, ಹನಿಯ ಮೇಲ್ಮೈ ಯಾವ ಕಂಪನಾಂಕದಲ್ಲಿ ಅತಿಹೆಚ್ಚು ಕುಣಿಯುತ್ತದೆಂದು ಬೆಳಕಿನಿಂದ ನೋಡುತ್ತಾರೆ. ಮೊಣಕೈ ತಾಗಿದರೆ ಹೊಯ್ದಾಡುವ ಹಳೆಯ ಕಾಯಿಲೆ ಹೀಗೆ ವಾಸಿಯಾಯಿತು.

ಅಗ್ಗದ ದಾರಿಯನ್ನು ಹುಡುಕಿದವರೂ ಇದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಸ್ಟಿನ್ ಚಾನ್, ಶ್ಯಾಮ್ ಗೊಲ್ಲಕೋಟ ಮತ್ತಿತರರು 2022ರಲ್ಲಿ ತೋರಿಸಿದ ಉಪಾಯಕ್ಕೆ ಬೇಕಾದದ್ದು ಒಂದು ಸ್ಮಾರ್ಟ್‌ಫೋನ್, ಅದಕ್ಕೆ ಸಿಕ್ಕಿಸಿದ ಪುಟ್ಟ ಬಟ್ಟಲು, ಒಂದು ಹನಿ ರಕ್ತ, ಒಂದು ತಾಮ್ರದ ಕಣ. ಕರೆ ಬಂದಾಗ ಜೇಬಿನಲ್ಲಿ ಗುರ್ರೆನ್ನುವ ಅದೇ ಮೋಟಾರು ಬಟ್ಟಲನ್ನು ನಡುಗಿಸುತ್ತದೆ. ಕ್ಯಾಮೆರಾ ತಾಮ್ರದ ಕಣದ ಕುಣಿತವನ್ನು ಹಿಂಬಾಲಿಸುತ್ತದೆ. ಕುಣಿತ ನಿಂತಾಗ ಹೆಪ್ಪು. ಲೀ ಮತ್ತು ವೈಟ್‌ರ ನಳಿಗೆಗೆ ಇಷ್ಟು ಹತ್ತಿರದ ಸಂಬಂಧಿ ಇನ್ನೊಂದಿಲ್ಲ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ದಾಮಿರ್ ಖಿಸ್ಮತುಲ್ಲಿನ್ ತಂಡ ಕೆಲವೇ ಮೈಕ್ರೋಲೀಟರಿನ ರಕ್ತದ ಹನಿಯನ್ನು ಧ್ವನಿಯ ಒತ್ತಡದಿಂದ ಗಾಳಿಯಲ್ಲಿ ತೇಲಿಸಿ, ಹಿಂಡಿ, ಅದರ ಆಕಾರ ಬದಲಾಗುವುದನ್ನು ಅಳೆದಿದೆ. ಗೋಡೆಯನ್ನೇ ಮುಟ್ಟದ ರಕ್ತವಾದ್ದರಿಂದ ಗೋಡೆಯ ತಕರಾರೂ ಇಲ್ಲ. ನವಜಾತ ಶಿಶುಗಳಿಂದ ಹೆಚ್ಚು ರಕ್ತ ತೆಗೆಯುವಂತಿಲ್ಲವಾಗಿ ಅಲ್ಲಿ ಇದಕ್ಕೆ ಬೆಲೆಯಿದೆ.

ತಪ್ಪುವ ಜಾಗಗಳು

ನೀರಿನ ಸ್ನಿಗ್ಧತೆ ಒಂದು ಡಿಗ್ರಿ ಬಿಸಿಗೆ ಸುಮಾರು ನೂರಕ್ಕೆ ಎರಡರಷ್ಟು ಇಳಿಯುತ್ತದೆ. ಸ್ನಿಗ್ಧತೆಯನ್ನೇ ಅಳೆಯುವ ಸಾಧನ 37 ಡಿಗ್ರಿ ಸೆಲ್ಸಿಯಸ್‌ನಿಂದ ಅತ್ತಿತ್ತ ಸರಿದರೆ ಬಿಸಿಯ ಬದಲಾವಣೆಯನ್ನೇ ಹೆಪ್ಪೆಂದು ಓದೀತು. ಕಿಣ್ವಗಳ ಓಟವೂ ಬಿಸಿಗೆ ಬದ್ಧ. ಹವಾನಿಯಂತ್ರಿತ ಕೊಠಡಿಯಲ್ಲಿ ಇದು ಸಣ್ಣ ಸಮಸ್ಯೆ. ಬೇಸಿಗೆಯ ರಾಯಚೂರಿನ ವಾರ್ಡಿನಲ್ಲಿ, ಬ್ಯಾಟರಿಯ ಮೇಲೆ ಓಡುವ ಕೈಸಾಧನದಲ್ಲಿ, ಸಣ್ಣದಲ್ಲ.

ಮಾದರಿ ತೆಗೆಯುವ ಕೈಯೂ ಉತ್ತರದ ಭಾಗವಾಗುತ್ತದೆ. ಬೆರಳು ಚುಚ್ಚಿದಾಗ ಬರುವ ಹನಿಯಲ್ಲಿ ಗಾಯಗೊಂಡ ಚರ್ಮದ ಅಂಶವೂ ಬೆರೆತಿರುತ್ತದೆ, ಅದೇ ಹೆಪ್ಪುಗಟ್ಟುವಿಕೆಯ ಕಿಡಿ. ಬೆರಳನ್ನು ಹಿಂಡಿದಷ್ಟೂ ಅದು ಹೆಚ್ಚು. ಇನ್ನು ರಕ್ತಹೀನತೆ ತರುವ ಗೊಂದಲ ಬೇರೆ. ಕೆಂಪು ಕಣಗಳು ಕಡಿಮೆಯಾದರೆ ಬಲೆಯಲ್ಲಿ ಫೈಬ್ರಿನ್ನಿನ ಪಾಲು ಹೆಚ್ಚಿ, ಗಟ್ಟಿತನ ಅಳೆಯುವ ಯಂತ್ರದಲ್ಲಿ ಹೆಪ್ಪು ಇರುವುದಕ್ಕಿಂತ ಬಲವಾಗಿ ಕಾಣುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಬೇರೆ ದೇಶದಲ್ಲಿ ನಿಗದಿಯಾದ ಆರೋಗ್ಯಮಟ್ಟಗಳನ್ನು ಇಲ್ಲಿಗೆ ಹಾಗೇ ಎತ್ತಿಕೊಳ್ಳುವಂತಿಲ್ಲ.

ಅಳತೆಗೋಲನ್ನು ಹೊಂದಿಸುವುದು ಎಷ್ಟು ನಾಜೂಕೆಂಬುದಕ್ಕೆ ಧ್ವನಿಯಿಲ್ಲದ ಒಂದು ಸಾಧನದ ಅನುಭವ ಸಾಕು. ಮನೆಯಲ್ಲೇ ಐಎನ್‌ಆರ್ ನೋಡಿಕೊಳ್ಳುವ ಪರೀಕ್ಷಾಪಟ್ಟಿಗಳನ್ನು ಹೊಸ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಸಿದ ಮೇಲೆ ಅವು ಹೆಚ್ಚಿನ ಅಂಕಿ ತೋರಿಸತೊಡಗಿ, 2018ರಲ್ಲಿ ಅಮೆರಿಕದಲ್ಲಿ 11 ಲಕ್ಷಕ್ಕೂ ಹೆಚ್ಚು ಪೊಟ್ಟಣಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅಂದಹಾಗೆ ಅಂಗೈ ಸಾಧನಗಳ ಪೇಟೆಯನ್ನು ಗೆದ್ದಿರುವುದು ಕಂಪನವಲ್ಲ, ರಸಾಯನಶಾಸ್ತ್ರ. ಹಿಂದಿನ ಪಟ್ಟಿಗಳಲ್ಲಿ ಕಬ್ಬಿಣದ ಆಕ್ಸೈಡ್ ಕಣಗಳನ್ನು ಕಾಂತದಿಂದ ಅಲುಗಿಸಿ, ಅಲುಗಾಟ ನಿಂತಾಗ ಹೆಪ್ಪೆನ್ನುತ್ತಿದ್ದರು. ಈಗಿನವುಗಳಲ್ಲಿ ಥ್ರಾಂಬಿನ್ ಒಂದು ಕೃತಕ ಪೆಪ್ಟೈಡನ್ನು ಕತ್ತರಿಸಿದಾಗ ಹುಟ್ಟುವ ವಿದ್ಯುತ್ತನ್ನು ಓದುತ್ತಾರೆ. ಕೇವಲ ಸಮಯ ಬೇಕಿದ್ದರೆ ಅಷ್ಟು ಸಾಕು. ಗಟ್ಟಿತನ ಬೇಕಿದ್ದಲ್ಲಿ ಮಾತ್ರ ಕಂಪನ ಬಿಟ್ಟು ದಾರಿಯಿಲ್ಲ.

ಪುರಾವೆ

ಚಿಕಿತ್ಸೆಗಳನ್ನು ತೂಗಿನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಬಟ್ಟಲು-ಕಡ್ಡಿ ವಂಶದ ಟೆಗ್ ಮತ್ತು ರೋಟೆಮ್ ಯಂತ್ರಗಳನ್ನು ಶಿಫಾರಸು ಮಾಡಿತು; ಸೋನೋಕ್ಲಾಟ್ ಸದ್ಯಕ್ಕೆ ಸಂಶೋಧನೆಗಷ್ಟೇ ಎಂದಿತು. ಅಪಘಾತದ ಗಾಯಾಳುಗಳಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಡೆನ್ವರ್‌ನಲ್ಲಿ 111 ಗಾಯಾಳುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಟ್ಟಿತನ ನೋಡಿ ರಕ್ತ ಕೊಡಲಾದವರಲ್ಲಿ ಹೆಚ್ಚು ಮಂದಿ ಬದುಕುಳಿದರು. ಯುರೋಪಿನ ಹಲವು ಆಸ್ಪತ್ರೆಗಳ 396 ಮಂದಿಯ ಇಟ್ಯಾಕ್ಟಿಕ್ ಅಧ್ಯಯನದಲ್ಲಿ, ಮೊದಲ 24 ಗಂಟೆಯ ಮುಖ್ಯ ಫಲಿತಾಂಶದಲ್ಲಿ ಹಳೆಯ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಬೇಗ ಹೇಳಿದರೂ ಫೈಬ್ರಿನೋಜೆನ್ ಫ್ರಿಜ್ಜಿನಿಂದ ಹಾಸಿಗೆಗೆ ಬರುವುದು ತಡವಾದರೆ ಯಂತ್ರದಿಂದ ಆಗುವ ಲಾಭವೂ ತಗ್ಗುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

ಭಾರತದಲ್ಲಿ ಹಾಸಿಗೆಬದಿಯ ಹೆಪ್ಪುಪರೀಕ್ಷೆಯ ಅಗತ್ಯ ಎರಡು ಕಡೆ ಎದ್ದು ಕಾಣುತ್ತದೆ. ಒಂದು, ಕೀಲುವಾಯು ಜ್ವರದಿಂದ ಹೃದಯದ ಕವಾಟ ಕೆಟ್ಟು ಕೃತಕ ಕವಾಟ ಹಾಕಿಸಿಕೊಂಡವರದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ರೂಪಿಸಿದ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದ ಮೇಲೆ ಶಸ್ತ್ರಚಿಕಿತ್ಸೆ ಕೈಗೆಟುಕುವ ಬೆಲೆಗೆ ಇಳಿಯಿತು. ಆದರೆ ಲೋಹದ ಕವಾಟದವರು ಬದುಕಿರುವವರೆಗೆ ಮಾತ್ರೆ ನುಂಗುತ್ತ ಐಎನ್‌ಆರ್ ನೋಡಿಸುತ್ತಿರಬೇಕು. ಹಳ್ಳಿಯಿಂದ ಬಸ್ಸು ಹಿಡಿದು ಪಟ್ಟಣಕ್ಕೆ ಹೋಗಿ, ರಕ್ತ ಕೊಟ್ಟು, ಸಂಜೆ ರಿಪೋರ್ಟ್ ಹಿಡಿದು ಮರಳುವುದೆಂದರೆ ಒಂದು ದಿನದ ಕೂಲಿ ಹೋದಂತೆ.

ಇನ್ನೊಂದು ಹಾವಿನ ಕಡಿತ. ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಮಂದಿ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಕೊಳಕುಮಂಡಲದ ವಿಷ ಹೆಪ್ಪುಗಟ್ಟುವ ಸರಪಳಿಯ ಐದನೆಯ ಮತ್ತು ಹತ್ತನೆಯ ಅಂಶಗಳನ್ನು ನೇರವಾಗಿ ಕೆಣಕುತ್ತದೆ. ಮೈಯೆಲ್ಲ ಸಣ್ಣ ಸಣ್ಣ ಹೆಪ್ಪುಗಳಾಗಿ ಫೈಬ್ರಿನೋಜೆನ್ ಖರ್ಚಾಗಿಹೋಗುತ್ತದೆ. ಕೊನೆಗೆ ಉಳಿಯುವುದು ಹೆಪ್ಪುಗಟ್ಟಲಾರದ ರಕ್ತ. ಇದನ್ನು ಕಂಡುಹಿಡಿಯಲು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುವುದು 20 ನಿಮಿಷದ ಪರೀಕ್ಷೆ. ಸುಮಾರು 2 ಮಿಲಿಲೀಟರ್ ರಕ್ತವನ್ನು ಗಾಜಿನ ನಳಿಗೆಗೆ ಹಾಕಿ, ಇಪ್ಪತ್ತು ನಿಮಿಷ ಮುಟ್ಟದೆ ಬಿಟ್ಟು, ಒಮ್ಮೆ ಬಗ್ಗಿಸುತ್ತಾರೆ. ಹರಿದರೆ ವಿಷ ರಕ್ತಕ್ಕೇರಿದೆ, ಪ್ರತಿವಿಷ ಕೊಡಬೇಕು. ಆರು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ, ಯಕೃತ್ತು ಹೊಸ ಫೈಬ್ರಿನೋಜೆನ್ ಮಾಡಿ ತುಂಬಲು ಅಷ್ಟು ಹೊತ್ತು ಬೇಕು.

ಈ ಪರೀಕ್ಷೆಗೆ ಹೌದು ಅಲ್ಲ ಎಂಬ ಎರಡೇ ಉತ್ತರ. ಫೈಬ್ರಿನೋಜೆನ್ ಅರ್ಧ ಖರ್ಚಾದ ಸ್ಥಿತಿ ಇದರ ಕಣ್ಣು ತಪ್ಪಿಸುತ್ತದೆ. ಗಟ್ಟಿತನವನ್ನು ಅಂಕಿಯಲ್ಲಿ ಹೇಳುವ ಧ್ವನಿಸಂವೇದಕ ಇಲ್ಲಿ ನಿಜಕ್ಕೂ ಹೊಸದೇನನ್ನಾದರೂ ಹೇಳಬಲ್ಲದು. ಅಡ್ಡಿಯಿರುವುದು ಒಂದು ಸಲ ಬಳಸಿ ಎಸೆಯುವ ಕಾರ್ಟ್ರಿಜ್‌ನ ಬೆಲೆಯಲ್ಲಿ. ನಳಿಗೆಗೂ ತನ್ನದೇ ಕಟ್ಟಳೆಯಿದೆ. ಅದು ಗಾಜಿನದೇ ಆಗಿರಬೇಕು, ಹೊಸದಾಗಿರಬೇಕು, ಒಣಗಿರಬೇಕು. ಸೋಪಿನಲ್ಲಿ ತೊಳೆದ ನಳಿಗೆಯಲ್ಲಿ ಆರೋಗ್ಯವಂತರ ರಕ್ತವೂ ಹರಿದುಬಿಡಬಹುದು, ಪ್ಲಾಸ್ಟಿಕ್ಕಿನದರಲ್ಲೂ ಅಷ್ಟೆ. ರಕ್ತದ ಹನ್ನೆರಡನೆಯ ಅಂಶ ಎಚ್ಚರಗೊಳ್ಳುವುದು ಗಾಜಿನ ಮೈ ತಾಗಿದಾಗ. ಕ್ವಾಂಟ್ರಾದ ಪ್ಲಾಸ್ಟಿಕ್ ಕಾರ್ಟ್ರಿಜ್‌ನ ಮೊದಲ ಕಾಲುವೆಯಲ್ಲಿ ಇಟ್ಟಿರುವ ಒಂದು ಚಿಟಿಕೆ ಕಯೋಲಿನ್ ಜೇಡಿ ಮಾಡುವುದೂ ಗಾಜು ಮಾಡುವ ಆ ಕೆಲಸವನ್ನೇ.